ವರ್ಗವಾದರೂ ಕಡತ ಉಳಿಯಬೇಕು

ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಸ್ವಸಹಾಯ ಸಂಘಗಳೊಂದಿಗೆ ಕೆಲಸ ಮಾಡುವ ಒಂದು ಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮುಖ್ಯ ಕಚೇರಿ ಹಳಿಯಾಳದಲ್ಲಿದೆ, ಉಳಿದ ಮೂರು ಊರುಗಳಲ್ಲಿ ಶಾಖೆಗಳಿವೆ. ಸಂಘಗಳ ಠರಾವು, ತರಬೇತಿಯ ಹಾಜರಿ, ಸಾಲದ ಅರ್ಜಿ, ಫೋಟೊ, ವರದಿ ಎಲ್ಲವೂ ಅವರವರ ಯಂತ್ರದ ಡಿ ಡ್ರೈವ್‌ನಲ್ಲಿ ಇಲ್ಲವೇ ಅವರವರ ಪೆನ್‌ಡ್ರೈವ್‌ನಲ್ಲಿ ಇರುತ್ತಿದ್ದವು. ಮುಂಡಗೋಡದ ಸಂಯೋಜಕಿಯೊಬ್ಬರು ಜೊಯಿಡಾಕ್ಕೆ ವರ್ಗವಾದ ಮೇಲೆ ಅವರ ಹಳೆಯ ಯಂತ್ರ ರಿಪೇರಿಗೆ ಹೋಗಿ ಫಾರ್ಮ್ಯಾಟ್ ಆಗಿ ಬಂತು. ಲೆಕ್ಕಪರಿಶೋಧಕರು ಕೇಳಿದಾಗ ಹಿಂದಿನ ವರ್ಷಗಳ ಹಾಜರಿ ಎಲ್ಲಿಯೂ ಸಿಗಲಿಲ್ಲ. ಪ್ರತಿಯೊಬ್ಬರ ಫೋಲ್ಡರೂ ಸರ್ವರ್‌ನಲ್ಲೇ ಇರಬೇಕೆಂದು ಸಂಸ್ಥೆ ತೀರ್ಮಾನಿಸಿದ್ದು ಆಗ.

ಮೊದಲ ಯೋಚನೆ ಹಳಿಯಾಳದಲ್ಲಿ ಒಂದೇ ಸರ್ವರ್ ಇಟ್ಟು ನಾಲ್ಕೂ ಊರಿನವರು ಅದನ್ನೇ ಬಳಸುವುದು. ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ಆದರೆ ಜೊಯಿಡಾದ ಮಳೆಗಾಲ ಕಂಡವರು ಇದಕ್ಕೆ ಒಪ್ಪುವುದಿಲ್ಲ. ಕಾಳಿ ನದಿಯ ವಿದ್ಯುತ್ತು ರಾಜ್ಯಕ್ಕೆಲ್ಲ ಹೋಗುತ್ತದೆ, ನಿಜ. ಕಾಡಿನ ನಡುವೆ ಹಾದ ತಂತಿಯ ಮೇಲೆ ಮರ ಬಿತ್ತೆಂದರೆ ಮಾತ್ರ ಇಲ್ಲಿ ಕರೆಂಟು, ಇಂಟರ್ನೆಟ್ಟು ಎರಡೂ ಒಟ್ಟಿಗೇ ಹೋಗುತ್ತವೆ. ಹಳಿಯಾಳದ ಲೈನ್ ಬರಲಿ ಎಂದು ಜೊಯಿಡಾದವರು ಕೈಕಟ್ಟಿ ಕೂರುವಂತಾಗಬಾರದು. ಹೀಗಾಗಿ ಪ್ರತಿ ಶಾಖೆಯಲ್ಲೂ ಒಂದು ಸಣ್ಣ ಸರ್ವರ್ ಇಟ್ಟೆವು. ಹಗಲಿನ ಕೆಲಸವೆಲ್ಲ ಅಲ್ಲಲ್ಲೇ ನಡೆಯುತ್ತದೆ, ರಾತ್ರಿ ಅಂದು ಬದಲಾದ ಭಾಗ ಮಾತ್ರ ಹಳಿಯಾಳಕ್ಕೆ ಬರುತ್ತದೆ.

ಸರ್ವರ್‌ಗೆ ದುಬಾರಿ ಯಂತ್ರ ಬೇಕಾಗಲಿಲ್ಲ. ಗಟ್ಟಿಯಾಗಿದ್ದ ಹಳೆಯ ಡೆಸ್ಕ್‌ಟಾಪ್, ಎರಡು ಹೊಸ ಹಾರ್ಡ್‌ಡಿಸ್ಕ್, ಲಿನಕ್ಸ್, ಅದರ ಮೇಲೆ ಸಾಂಬಾ. ವಿಂಡೋಸ್ ಯಂತ್ರಗಳಿಗೆ ಲಿನಕ್ಸಿನ ಫೋಲ್ಡರನ್ನು ತಮ್ಮದೇ ಎಂಬಂತೆ ತೋರಿಸುವ ಸಾಂಬಾವನ್ನು 1990ರ ದಶಕದ ಆರಂಭದಲ್ಲಿ ಬರೆಯತೊಡಗಿದವರು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್. ಬದಲಾದ ಭಾಗವನ್ನಷ್ಟೇ ಸಾಗಿಸುವ ಆರ್‌ಸಿಂಕ್ ಕೂಡ ಅವರೇ ಪಾಲ್ ಮೆಕರಸ್ ಜೊತೆ 1996ರಲ್ಲಿ ಹೊರತಂದದ್ದು. ಲೈನ್ ನಡುವೆ ಕಡಿದರೂ ಬಂದಷ್ಟನ್ನು ಉಳಿಸಿಕೊಂಡು ಮುಂದುವರಿಸುವಂತೆ ಆರ್‌ಸಿಂಕ್‌ಗೆ ಹೇಳಬಹುದು. ಎರಡೂ ಉಚಿತ. ನಮ್ಮಂಥ ಸಂಸ್ಥೆಗಳು ಇಂಥವರಿಗೆ ಋಣಿಯಾಗಿರಬೇಕು.

ಹಣ ಖರ್ಚಾದದ್ದು ಯುಪಿಎಸ್‌ಗೆ. ಬ್ಯಾಟರಿ ಇಳಿಯುತ್ತಿದೆ ಎಂದು ಯುಎಸ್‌ಬಿ ಕೇಬಲ್ ಮೂಲಕ ಸರ್ವರ್‌ಗೆ ತಿಳಿಸುವ ಯುಪಿಎಸ್ಸನ್ನೇ ಕೊಳ್ಳಬೇಕು. ಆಗ ಸರ್ವರ್ ತಾನೇ ಕ್ರಮವಾಗಿ ಬಂದ್ ಆಗುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲು ಕರೆಂಟಿನ ತಂತಿಯಲ್ಲಷ್ಟೇ ಬರುವುದಿಲ್ಲ, ನೆಟ್‌ವರ್ಕ್ ಕೇಬಲ್‌ನಲ್ಲೂ ಬರುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ಎಳೆಯುವ ತಂತಿ ತಾಮ್ರದ್ದಾಗಿರಬಾರದು, ಫೈಬರ್ ಆಗಿರಬೇಕು.

ಇನ್ನು ವಿಂಡೋಸ್ ಯಂತ್ರಗಳ ಮಾತು. ದೊಡ್ಡ ಕಚೇರಿಗಳಲ್ಲಿ ಡೊಮೇನ್ ಇರುತ್ತದೆ, ಒಂದು ಕಡೆಯಿಂದ ಆಜ್ಞೆ ಕೊಟ್ಟರೆ ಎಲ್ಲರ ಡಾಕ್ಯುಮೆಂಟ್ಸ್ ಫೋಲ್ಡರೂ ಸರ್ವರ್‌ಗೆ ತಿರುಗುತ್ತದೆ. ನಮ್ಮ ಯಂತ್ರಗಳೆಲ್ಲ ಅಂಗಡಿಯಿಂದ ವಿಂಡೋಸ್ ಹೋಮ್ ಆವೃತ್ತಿಯೊಂದಿಗೇ ಬಂದವು, ಹೋಮ್ ಆವೃತ್ತಿ ಡೊಮೇನ್‌ಗೆ ಸೇರುವುದಿಲ್ಲ. ಡಾಕ್ಯುಮೆಂಟ್ಸ್ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನ ಲೊಕೇಶನ್‌ನಲ್ಲಿ ಸರ್ವರ್‌ನ ವಿಳಾಸ ಕೊಡುವ ಕೆಲಸವನ್ನು ಪ್ರತಿ ಯಂತ್ರದಲ್ಲೂ ಕೈಯಾರೆ ಮಾಡಬೇಕು. ಇದರಿಂದ ಲಾಭವೂ ಆಯಿತು. ಪ್ರತಿಯೊಬ್ಬರ ಪಕ್ಕದಲ್ಲಿ ಕೂತು ಅವರ ಕಡತಗಳು ಎಲ್ಲೆಲ್ಲಿವೆ ಎಂದು ನೋಡುವ ಅವಕಾಶ ಸಿಕ್ಕಿತು. ಡೆಸ್ಕ್‌ಟಾಪ್ ಫೋಲ್ಡರನ್ನೂ ಹೀಗೆಯೇ ತಿರುಗಿಸಿ, ಬ್ರೌಸರ್ ಮುಂತಾದ ತಂತ್ರಾಂಶಗಳು ತಮಗಾಗಿ ಇಟ್ಟುಕೊಳ್ಳುವ ಫೋಲ್ಡರುಗಳನ್ನು ಯಂತ್ರದಲ್ಲೇ ಬಿಟ್ಟೆವು. ಅವು ಸರ್ವರ್‌ಗೆ ಹೋದರೆ ಯಂತ್ರ ನಿಧಾನವಾಗುತ್ತದೆ, ಉಪಯೋಗ ಮಾತ್ರ ಏನೂ ಇಲ್ಲ.

ಶಾಖೆಗಳಲ್ಲಿ ಒಂದೇ ಯಂತ್ರವನ್ನು ಹಲವರು ಒಂದೇ ವಿಂಡೋಸ್ ಲಾಗಿನ್‌ನಲ್ಲಿ ಬಳಸುವುದು ರೂಢಿ. ವಿಂಡೋಸ್ ಒಂದು ಲಾಗಿನ್‌ನಿಂದ ಒಂದು ಸರ್ವರ್‌ಗೆ ಏಕಕಾಲಕ್ಕೆ ಒಂದೇ ಹೆಸರಿನಲ್ಲಿ ಸಂಪರ್ಕ ಇಡುತ್ತದೆ. ಬೆಳಿಗ್ಗೆ ಮೊದಲು ಬಂದವರ ಗುರುತಿನಲ್ಲೇ ಸಂಜೆವರೆಗೂ ಎಲ್ಲರ ಕೆಲಸ ನಡೆಯುತ್ತದೆ. ಇದಕ್ಕೆ ಒಳದಾರಿಯಿಲ್ಲ, ಯಂತ್ರ ಒಂದೇ ಇದ್ದರೂ ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಬೇರೆ ಪಾಸ್‌ವರ್ಡ್ ಇರಲೇಬೇಕು.

ಇಡೀ ಕೆಲಸದಲ್ಲಿ ಹೆಚ್ಚು ಮಾತುಕತೆ ಬೇಡಿದ್ದು ಯಾರಿಗೆ ಯಾವುದು ಕಾಣಬೇಕು ಎಂಬ ಪ್ರಶ್ನೆ. ಮುಂಡಗೋಡದ ಹಿರಿಯ ಲೆಕ್ಕಿಗರೊಬ್ಬರು ಕೇಳಿದರು: “ಸರ, ನಾ ಇಲ್ಲಿ ಬರದದ್ದನ್ನ ಹಳಿಯಾಳದಾಗ ಕುಂತು ಎಲ್ಲಾರೂ ನೋಡ್ತಾರೇನ್ರಿ?” ನ್ಯಾಯವಾದ ಪ್ರಶ್ನೆ. ಸಹೋದ್ಯೋಗಿಗಳಿಗೆ ಕಾಣುವುದಿಲ್ಲ, ಆದರೆ ಸರ್ವರ್ ನೋಡಿಕೊಳ್ಳುವ ನಾನು ಮನಸ್ಸು ಮಾಡಿದರೆ ಯಾವ ಕಡತವನ್ನೂ ತೆರೆಯಬಲ್ಲೆ ಎಂದು ಅವರಿಗೆ ನೇರವಾಗಿ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಯಾರದೇ ಸ್ವಂತ ಫೋಲ್ಡರ್ ತೆರೆಯಬೇಕಾದರೆ ಅವರು ಮತ್ತು ಕಾರ್ಯದರ್ಶಿ ಇಬ್ಬರೂ ಎದುರಿಗಿರಬೇಕು, ವಹಿಯಲ್ಲಿ ಸಹಿ ಬೀಳಬೇಕು ಎಂಬ ನಿಯಮವನ್ನು ಸಭೆಯಲ್ಲಿ ಠರಾಯಿಸಿಕೊಂಡೆವು. ಆ ಠರಾವಿನ ನಂತರವೇ ಜನ ಮನಸ್ಸಿಟ್ಟು ಸರ್ವರ್ ಬಳಸತೊಡಗಿದರು. ಸಾಂಬಾದ ಯಾವ ಸಾಲೂ ಈ ನಂಬಿಕೆಯನ್ನು ತಂದುಕೊಡುತ್ತಿರಲಿಲ್ಲ.

ಫೋಲ್ಡರುಗಳನ್ನು ಎರಡು ಬಗೆಯಾಗಿ ವಿಂಗಡಿಸಿದೆವು. ಸ್ವಂತದ್ದು ಕರಡು, ಟಿಪ್ಪಣಿಗಳಿಗೆ, ಕೆಲಸದ್ದು ಶಾಖೆಗೆ ಮತ್ತು ಯೋಜನೆಗೆ ಸೇರಿದ್ದು. ಹಾಜರಿ, ಠರಾವು, ಅರ್ಜಿ ಯಾವತ್ತೂ ಕೆಲಸದ ಫೋಲ್ಡರ್‌ನಲ್ಲೇ ಇರಬೇಕು. ಕೆಲಸದ ಫೋಲ್ಡರ್‌ನಲ್ಲಿ ಯಾರು ಹೊಸ ಕಡತ ಮಾಡಿದರೂ ಅದು ತಂಡದ ಹೆಸರಿಗೇ ಸೇರುವಂತೆ ಸರ್ವರ್‌ನಲ್ಲಿ ಮೊದಲೇ ಹೇಳಿಡಬೇಕು. ಇಲ್ಲವಾದರೆ ಬರೆದವರು ರಜೆ ಹೋದ ದಿನ ಉಳಿದವರು ಅದನ್ನು ಓದಬಹುದೇ ಹೊರತು ತಿದ್ದಲಾಗದು. ಆಧಾರ್ ಪ್ರತಿಗಳಿಗೆ ಇನ್ನೂ ಬಿಗಿಯಾದ ಬೇರೆಯೇ ಜಾಗ ಮಾಡಿದೆವು. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಆಗಿದೆ. ಕಾಯ್ದೆ ಇಲ್ಲದಿದ್ದರೂ ಬಡ ಹೆಣ್ಣುಮಕ್ಕಳು ನಂಬಿ ಕೊಟ್ಟ ಕಾಗದವನ್ನು ಯಾರ ಪೆನ್‌ಡ್ರೈವ್‌ನಲ್ಲೋ ಓಡಾಡಲು ಬಿಡುವುದು ತಪ್ಪು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎರಡು ತೊಡಕುಗಳು ಎದುರಾಗುತ್ತವೆ. ಹಳೆಯ ಕಡತಗಳ ನಕಲು ಹಲವು ಸಲ ನಡುವೆಯೇ ನಿಲ್ಲುತ್ತಿತ್ತು. ಕಾರಣ ಹೆಸರಿನ ಉದ್ದ. ನಮ್ಮವರು ಕಡತಕ್ಕೆ ಇಡೀ ವಿಷಯವನ್ನೇ ಹೆಸರಾಗಿ ಇಡುತ್ತಾರೆ. ವಿಂಡೋಸ್ ಅದನ್ನು ಒಪ್ಪುತ್ತದೆ, ಆದರೆ ಲಿನಕ್ಸಿನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು. ‘ಕ್ಷೇತ್ರ’ ಎಂಬುದು ಕಣ್ಣಿಗೆ ಎರಡಕ್ಷರ, ಯಂತ್ರದ ಲೆಕ್ಕದಲ್ಲಿ ಏಳು ಸಂಕೇತ, 21 ಬೈಟ್. ಊರು, ವಿಷಯ, ವರ್ಷ ಇಷ್ಟೇ ಇರುವ ಚಿಕ್ಕ ಹೆಸರಿನ ಪದ್ಧತಿ ತಂದ ಮೇಲೆ ತೊಂದರೆ ನಿಂತಿತು.

ಇನ್ನೊಂದು ತೊಡಕು ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳದ್ದು. ಕನ್ನಡ ಗಣಕ ಪರಿಷತ್ತಿನ ನುಡಿಯಿಂದ ನಮ್ಮ ಕಚೇರಿಗಳಲ್ಲಿ ಕನ್ನಡ ನಡೆಯಿತು, ಅದರ ಉಪಕಾರ ದೊಡ್ಡದು. ಆದರೆ ಯುನಿಕೋಡ್‌ಗಿಂತ ಮೊದಲಿನ ಆ ಬರಹದಲ್ಲಿ ಕನ್ನಡ ಕಾಣುವುದು ಫಾಂಟ್ ಇದ್ದರೆ ಮಾತ್ರ. ಒಳಗಿರುವುದು ಬೇರೆಯೇ ಸಂಕೇತ. ಕಡತಗಳೆಲ್ಲ ಒಂದೆಡೆ ಸೇರಿದರೂ ‘ಹಳಿಯಾಳ’ ಎಂದು ಹುಡುಕಿದರೆ ಅವು ಸಿಗುವುದಿಲ್ಲ. ಮುಖ್ಯವಾದವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಮೂಲವನ್ನೂ ಉಳಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕು. ಈ ಕೆಲಸ ಇನ್ನೂ ನಡೆದೇ ಇದೆ.

ಎರಡು ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶ ಇರುವುದನ್ನು ಬ್ಯಾಕಪ್ ಎಂದು ಹಲವರು ತಿಳಿಯುತ್ತಾರೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ ಅಷ್ಟೇ. ಯಾರಾದರೂ ಕಡತ ಅಳಿಸಿದರೆ ಎರಡರಲ್ಲೂ ಆ ಕ್ಷಣವೇ ಅಳಿಯುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದದ್ದು ವಿಂಡೋಸ್ ಯಂತ್ರಗಳು ಫೋಲ್ಡರ್ ಹಂಚಿಕೊಳ್ಳುವ ಹಳೆಯ ವಿಧಾನದ ದೋಷ ಬಳಸಿಯೇ. ಆ ಹಳೆಯ ವಿಧಾನವನ್ನು ಸರ್ವರ್‌ನಲ್ಲಿ ಮುಚ್ಚಿದ್ದೇವೆ. ಬಳಕೆದಾರರ ಯಂತ್ರಗಳಿಗೆ ಬ್ಯಾಕಪ್ ಡಿಸ್ಕ್ ಕಾಣುವುದೇ ಇಲ್ಲ, ಹಳಿಯಾಳದ ಯಂತ್ರವೇ ಶಾಖೆಗಳಿಂದ ಎಳೆದುಕೊಂಡು, ಹಿಂದಿನ ದಿನಗಳ ಪ್ರತಿಗಳನ್ನು ಬೇರೆಯಾಗಿ ಇಡುತ್ತದೆ. ಅಲ್ಲಿಂದ ಒಂದು ಪ್ರತಿ ದಾಂಡೇಲಿಗೆ ಹೋಗುತ್ತದೆ. ಹಳೆಯ ಸೂಪಾ ಊರು ಜಲಾಶಯದಡಿ ಮುಳುಗಿ, ತಾಲೂಕು ಕೇಂದ್ರವೇ ಜೊಯಿಡಾಕ್ಕೆ ಬಂದದ್ದನ್ನು ಬಲ್ಲ ಜನರಿಗೆ, ಎಲ್ಲವನ್ನೂ ಒಂದೇ ಊರಲ್ಲಿ ಇಡಬಾರದು ಎಂದು ಬಿಡಿಸಿ ಹೇಳಬೇಕಾಗಲಿಲ್ಲ.

ಯಾರಾದರೂ ವರ್ಗವಾದರೆ ಅವರ ಖಾತೆಯನ್ನು ಅಳಿಸುವುದಿಲ್ಲ, ಹಳೆಯ ಶಾಖೆಯಲ್ಲಿ ನಿಲ್ಲಿಸುತ್ತೇವೆ. ಅವರು ಮತ್ತು ಹೊಸಬರು ಒಟ್ಟಿಗೆ ಕೂತು ಸ್ವಂತ ಫೋಲ್ಡರ್‌ನಲ್ಲಿ ಉಳಿದ ಕೆಲಸದ ಕಡತಗಳನ್ನು ಶಾಖೆಯ ಫೋಲ್ಡರ್‌ಗೆ ಹಾಕಿದ ಮೇಲೆಯೇ ಕಾರ್ಯಭಾರ ಹಸ್ತಾಂತರದ ಕಾಗದಕ್ಕೆ ಸಹಿ.

ಈ ಭಾಗದ ಸಹಕಾರಿ ಸಂಘಗಳು, ಶಾಲೆಗಳು, ಸಣ್ಣ ಸಂಸ್ಥೆಗಳಲ್ಲಿ ಇರುವವರಿಗೆ ನನ್ನ ವಿನಂತಿ ಇಷ್ಟು: ಜೂನ್ ಮಳೆ ಹಿಡಿಯುವ ಮೊದಲು ನಿಮ್ಮ ಬ್ಯಾಕಪ್‌ನಿಂದ ಒಂದು ಹಳೆಯ ಕಡತವನ್ನು ಹೊರತೆಗೆದು, ಬೇರೊಂದು ಯಂತ್ರದಲ್ಲಿ ತೆರೆದು ಓದಿ ನೋಡಿ. ತೆರೆಯದಿದ್ದರೆ ಸರಿಪಡಿಸಲು ಮೇ ತಿಂಗಳಿನ್ನೂ ಕೈಯಲ್ಲಿರುತ್ತದೆ.