ಮೊದಲು ಕಪ್ಪು, ಆಮೇಲೆ ಗೆರೆ

ಹವ್ಯಾಸಕ್ಕೆ ಕಾಮಿಕ್ಸ್ ಪಾತ್ರಗಳನ್ನು ಬರೆಯುವವರ ಸ್ಕೆಚ್ ಪುಸ್ತಕ ತೆರೆದರೆ ಮುಕ್ಕಾಲು ಪಾಲು ಪೆನ್ಸಿಲ್ ಚಿತ್ರಗಳೇ ಸಿಗುತ್ತವೆ. ಇಂಕು ಹಾಕಿದವು ಕಡಿಮೆ. ಹಾಕಿದವುಗಳಲ್ಲೂ ಎಷ್ಟೋ ಚಿತ್ರಗಳನ್ನು ನೋಡಿದಾಗ, ಪೆನ್ಸಿಲ್‌ನಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಕೈ ನಡುಗುತ್ತದೆ, ಅದಕ್ಕೇ ಹೀಗೆ ಎಂದು ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪೆನ್ಸಿಲ್ಲು ಕಪ್ಪು ಬಿಳುಪಿನ ನಡುವಿನ ಬೂದು ಛಾಯೆಗಳನ್ನೆಲ್ಲ ಕೊಡುತ್ತದೆ. ಇಂಕಿಗೆ ಬೂದು ಗೊತ್ತಿಲ್ಲ. ಯಾವುದು ಕಪ್ಪು, ಯಾವುದು ಬಿಳಿ ಎಂದು ತೀರ್ಮಾನಿಸದೆ ಕೈ ಹಾಕಿದರೆ ಉಳಿಯುವುದು ತಂತಿ ಬಗ್ಗಿಸಿ ಮಾಡಿದಂಥ ಒಂದು ಬೊಂಬೆ. ಆಫೀಸು ಮುಗಿದ ಮೇಲಿನ ರಾತ್ರಿಗಳಲ್ಲಿ, ಭಾನುವಾರಗಳಲ್ಲಿ ಬರೆಯುತ್ತ ಬಂದವನಿಗೆ ದಕ್ಕಿದ ಪಾಠಗಳಿವು. ಮೊದಲನೆಯದನ್ನು ಬಿಟ್ಟರೆ ಮಿಕ್ಕವನ್ನು ಯಾವ ಕ್ರಮದಲ್ಲಿ ಓದಿದರೂ ನಡೆಯುತ್ತದೆ.

1. ಕಪ್ಪು ಎಲ್ಲೆಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ

ಪೆನ್ಸಿಲ್ ಕೆಲಸ ಮುಗಿದ ಕೂಡಲೇ ನಿಬ್ಬು ಎತ್ತಿಕೊಳ್ಳಬೇಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಹಾಳೆಯ ಅಂಚಿನಲ್ಲಿ ಒಂದು ಬಾಣ ಬರೆದಿಡಿ. ಪೂರ್ತಿ ಕಪ್ಪಾಗಬೇಕಾದ ಜಾಗದಲ್ಲೆಲ್ಲ ಸಣ್ಣದೊಂದು ಇಂಟು ಗುರುತು ಹಾಕಿ. ಅಮೆರಿಕದ ಕಾಮಿಕ್ಸ್ ಕಂಪನಿಗಳಲ್ಲಿ ಪೆನ್ಸಿಲ್ ಚಿತ್ರಕಾರರು ಇಂಕು ಹಾಕುವವರಿಗೆ ಸೂಚನೆ ಕೊಡುತ್ತಿದ್ದದ್ದೂ ಹೀಗೆಯೇ. ಆಮೇಲೆ ಬೇರೆ ಕಾಗದದ ಮೇಲೆ ಎರಡಿಂಚಿನ ಚೌಕ ಹಾಕಿ, ದಪ್ಪ ಮಾರ್ಕರ್‌ನಲ್ಲಿ ಆ ಕಪ್ಪು ತುಣುಕುಗಳನ್ನಷ್ಟೇ ಇಟ್ಟು ನೋಡಿ. ಮುಖ ಇಲ್ಲ, ಬೆರಳಿಲ್ಲ, ಬರೀ ಕಪ್ಪು. ಅಷ್ಟರಲ್ಲೇ ಚಿತ್ರ ನಿಂತರೆ ಗೆರೆಯ ಕೆಲಸ ಅರ್ಧ ಮುಗಿದಂತೆ.

ಇದನ್ನು ಕಲಿಯಲು ಮಿಲ್ಟನ್ ಕ್ಯಾನಿಫ್ ಅವರಿಗಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. 1934ರಲ್ಲಿ ಅವರು ಶುರುಮಾಡಿದ ‘ಟೆರ್ರಿ ಅಂಡ್ ದ ಪೈರೇಟ್ಸ್’ ಪತ್ರಿಕೆಯಲ್ಲಿ ಬರುತ್ತಿದ್ದ ದೈನಿಕ ಚಿತ್ರಕತೆ. ಅಲ್ಲಿ ಮುಖದ ಅರ್ಧ ಭಾಗ ಕಪ್ಪಿನಲ್ಲಿ ಮುಳುಗಿಹೋಗಿರುತ್ತದೆ. ಕಿವಿಗೆ ಗೆರೆ ಇಲ್ಲ, ಕೊರಳಿಗೆ ಗೆರೆ ಇಲ್ಲ. ಓದುವವರ ಕಣ್ಣೇ ಅದನ್ನು ತುಂಬಿಕೊಳ್ಳುತ್ತದೆ. ಹೊಸಬರು ಮಾಡುವುದು ಇದರ ತದ್ವಿರುದ್ಧ: ಎಲ್ಲದಕ್ಕೂ ಗೆರೆ ಎಳೆದು, ಕೊನೆಯಲ್ಲಿ ಎಲ್ಲೋ ಒಂದು ಕಡೆ ನೆರಳು ಸೇರಿಸುವುದು.

ಪೂರ್ತಿ ಕಪ್ಪು ಬಟ್ಟೆ, ಪೂರ್ತಿ ಕಪ್ಪು ಕೂದಲು ಬಂದಾಗ ಒಳಗೆ ಒಂದಿಷ್ಟು ಬಿಳಿ ಬಿಡಲೇಬೇಕು, ಇಲ್ಲದಿದ್ದರೆ ಆಕಾರವೇ ಕಾಣುವುದಿಲ್ಲ. ಹಳೆಯ ಅಮೆರಿಕನ್ ಕಾಮಿಕ್ಸ್‌ನಲ್ಲಿ ಸೂಪರ್‌ಮ್ಯಾನ್‌ನ ಕೂದಲಲ್ಲಿ ನೀಲಿ ಮಿಂಚು ಕಾಣುವುದು ಹೀಗೆ ಬಿಟ್ಟ ಜಾಗಕ್ಕೆ ಬಣ್ಣದವರು ನೀಲಿ ತುಂಬಿದ್ದರಿಂದ.

2. ನಿಲುವು ನೆರಳಿನಲ್ಲೂ ಗುರುತು ಸಿಗಬೇಕು

‘ಚಂದಮಾಮ’ ಓದಿದವರಿಗೆ ಬೇತಾಳ ಕಥೆಗಳ ತಲೆಬರಹದ ಚಿತ್ರ ನೆನಪಿರಲೇಬೇಕು. ಕೆ.ಸಿ. ಶಿವಶಂಕರ್ ಬರೆದದ್ದು, ಸಹಿ ಬರೀ ಶಂಕರ್. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಮುಂದಕ್ಕೆ ನಡೆಯುತ್ತಿರುವ ರಾಜ. ಆ ಚಿತ್ರವನ್ನು ಪೂರ್ತಿ ಕಪ್ಪು ಮಾಡಿಬಿಟ್ಟರೂ ಯಾರು, ಏನು ಮಾಡುತ್ತಿದ್ದಾನೆ ಎಂದು ಹೇಳಬಹುದು. ನಿಮ್ಮ ಪಾತ್ರಕ್ಕೂ ಇದೇ ಪರೀಕ್ಷೆ ಮಾಡಿ. ಪೆನ್ಸಿಲ್ ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಹೊರ ಆಕಾರವನ್ನಷ್ಟೇ ಕಪ್ಪಾಗಿ ತುಂಬಿ. ಕೈ ಎದೆಯ ಮುಂದೆ ಬಂದು ಅಲ್ಲೇ ಕಳೆದುಹೋಗಿದ್ದರೆ ಅದನ್ನು ಹೊರಕ್ಕೆ ತೆಗೆಯಿರಿ, ಕತ್ತಿ ಕಾಲಿನ ಹಿಂದೆ ಮರೆಯಾಗಿದ್ದರೆ ಕೋನ ಬದಲಿಸಿ. ಇಂಕು ಎಷ್ಟೇ ಸೊಗಸಾಗಿದ್ದರೂ ಮಂಕಾದ ನಿಲುವನ್ನು ಎತ್ತಿ ನಿಲ್ಲಿಸಲಾರದು.

ಇನ್ನೊಂದು ಮಾತು: ಭಾರ ಹೊತ್ತವನ ಸೊಂಟ ಭಾರದ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ನಂಬಿಕೆ ಬರದಿದ್ದರೆ ಗ್ಯಾಸ್ ಸಿಲಿಂಡರ್ ಹೊತ್ತು ಮಹಡಿ ಹತ್ತುವವರನ್ನು ಗಮನಿಸಿ.

3. ಅಳತೆ ನಿಮ್ಮ ಪಾತ್ರದ್ದು

ಸಾಮಾನ್ಯ ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆ. ಸ್ಟ್ಯಾನ್ ಲೀ, ಜಾನ್ ಬುಸೆಮಾ 1978ರಲ್ಲಿ ತಂದ ಮಾರ್ವೆಲ್ ಶೈಲಿಯ ಚಿತ್ರಪಾಠದಲ್ಲಿ ವೀರನಿಗೆ ಎಂಟೂಮುಕ್ಕಾಲು ತಲೆ ಎಂದಿದೆ. ನಮ್ಮ ಶಿಲ್ಪಶಾಸ್ತ್ರದ ನವತಾಲ, ದಶತಾಲಗಳೂ ಇದೇ ಲೆಕ್ಕ. ಆದರೆ ಅಲ್ಲಿ ಅಳೆಯುವುದು ಮುಖದ ಉದ್ದವನ್ನು, ಇಡೀ ತಲೆಯನ್ನಲ್ಲ. ಎರಡನ್ನೂ ಬೆರೆಸಿದರೆ ಕಾಲು ಗಿಡ್ಡವಾಗುತ್ತದೆ.

4. ಕಣ್ಣುಗುಡ್ಡೆ ಇಲ್ಲದ ಮುಖದಿಂದ ಕಲಿಯುವುದು ಬಹಳ

ಫ್ಯಾಂಟಮ್‌ನ ಮುಖವಾಡದಲ್ಲಿ ಕಣ್ಣುಗುಡ್ಡೆ ಇಲ್ಲ, ಬರೀ ಬಿಳಿ. ಗ್ರೀಕ್ ಶಿಲ್ಪಗಳನ್ನು ನೋಡಿ ಹೊಳೆದ ಯೋಚನೆ ಅದು ಎಂದು ಆ ಪಾತ್ರವನ್ನು ಸೃಷ್ಟಿಸಿದ ಲೀ ಫಾಕ್ ಹೇಳಿದ್ದರು. ಮೂರು ದಶಕಗಳಿಗೂ ಹೆಚ್ಚು ಕಾಲ, 1961ರಿಂದ 1994ರವರೆಗೆ, ಆ ಪಾತ್ರವನ್ನು ಬರೆದ ಸೈ ಬ್ಯಾರಿ ಅವರ ಚಿತ್ರಗಳನ್ನು ಮುಂದಿಟ್ಟುಕೊಂಡು ನೋಡಿ. ಕೋಪ, ಅನುಮಾನ, ಪ್ರಿಯೆ ಡಯಾನಾಳ ಎದುರಿನ ಮೆದುತನ ಎಲ್ಲವೂ ತಲೆಯ ವಾಲು, ದವಡೆ, ತುಟಿಯ ತುದಿ, ಹುಬ್ಬಿನ ಜಾಗದಲ್ಲಿ ಮುಖವಾಡ ಮಡಿಚಿಕೊಳ್ಳುವ ರೀತಿ, ಇಷ್ಟರಿಂದಲೇ ಬರುತ್ತವೆ. ಒಂದು ತಿಂಗಳು ಮುಖವಾಡದ ಪಾತ್ರಗಳನ್ನೇ ಬರೆಯಿರಿ. ಆಮೇಲೆ ಕಣ್ಣಿರುವ ಮುಖ ಬರೆದಾಗ ಕಣ್ಣಿನ ಮೇಲೆ ಎಲ್ಲ ಭಾರ ಹಾಕುವ ಚಟ ಹೋಗಿರುತ್ತದೆ. (ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಫ್ಯಾಂಟಮ್‌ನ ಉಡುಪು ನೀಲಿಯೋ ನೇರಳೆಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. 1964ರಲ್ಲಿ ಶುರುವಾದ ಆ ಮಾಲೆಯ ಮೊದಮೊದಲ ಸಂಚಿಕೆಗಳಲ್ಲಿ ಅದು ನೀಲಿ. ಇಂಕು ಹಾಕುವವನಿಗೆ ಎರಡೂ ಒಂದೇ. ಪಟ್ಟೆ ಚಡ್ಡಿ ಮಾತ್ರ ತಲೆನೋವು.)

5. ಒಂದೇ ಪೆನ್ಸಿಲ್ ಚಿತ್ರಕ್ಕೆ ಎರಡು ಸಲ ಇಂಕು ಹಾಕಿ

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಅಭ್ಯಾಸ ಇದು. ಜ್ಯಾಕ್ ಕರ್ಬಿ ಅವರ ಪೆನ್ಸಿಲ್ ಪುಟಗಳಿಗೆ ಬೇರೆ ಬೇರೆಯವರು ಇಂಕು ಹಾಕಿದ್ದಾರೆ. ‘ಫೆಂಟಾಸ್ಟಿಕ್ ಫೋರ್’ ಪುಸ್ತಕದ 44ನೇ ಸಂಚಿಕೆಯಿಂದ, ಎಂದರೆ 1965ರಿಂದ, ಜೋ ಸಿನೊಟ್ ಕಾಯಂ ಆದರು. ಅವರ ಕುಂಚದಲ್ಲಿ ಲೋಹ ಹೊಳೆಯುತ್ತದೆ, ಮುಖಗಳು ನುಣುಪಾಗುತ್ತವೆ. ‘ಥಾರ್’ಗೆ ಇಂಕು ಹಾಕಿದ ವಿನ್ಸ್ ಕೊಲೆಟಾ ಅವರದು ತೆಳುವಾದ, ಕೆರೆದಂಥ ನಿಬ್ಬಿನ ಗೆರೆ, ಪುರಾಣದ ಕತೆಗೆ ಅದು ಒಪ್ಪುತ್ತದೆ ಎನ್ನುವವರಿದ್ದಾರೆ, ಹಿನ್ನೆಲೆಯ ಆಕೃತಿಗಳನ್ನು ಅಳಿಸಿ ಕೆಲಸ ಬೇಗ ಮುಗಿಸುತ್ತಿದ್ದರು ಎಂದು ದೂರುವವರೂ ಇದ್ದಾರೆ. 1970ರ ದಶಕದಲ್ಲಿ ಬಂದ ಮೈಕ್ ರಾಯರ್ ಪೆನ್ಸಿಲ್ ಗೆರೆಯನ್ನು ಕೂದಲೆಳೆಯಷ್ಟೂ ಬಿಟ್ಟುಕೊಡದೆ ಅನುಸರಿಸಿದರು. ಒಬ್ಬನದೇ ಕೈಯ ಚಿತ್ರ, ಆದರೆ ಮೂರು ಬೇರೆ ಪುಸ್ತಕಗಳಂತೆ ಕಾಣುತ್ತದೆ. ನನ್ನ ಮತ ಸಿನೊಟ್ ಕಡೆಗೆ.

ಮನೆಯಲ್ಲಿ ಮಾಡುವುದು ಸುಲಭ. ಪೆನ್ಸಿಲ್ ಚಿತ್ರವನ್ನು ಸ್ಕ್ಯಾನ್ ಮಾಡಿ, ಬಣ್ಣವನ್ನು ತಿಳಿ ನೀಲಿಗೆ ತಿರುಗಿಸಿ, ಹೊಸ ಹಾಳೆಯ ಮೇಲೆ ಎರಡು ಪ್ರತಿ ಪ್ರಿಂಟ್ ತೆಗೆಯಿರಿ. ಒಂದಕ್ಕೆ ನಿಬ್ಬು, ಇನ್ನೊಂದಕ್ಕೆ ಕುಂಚ. ಒಂದರಲ್ಲಿ ಬೆಳಕು ಎಡದಿಂದ, ಇನ್ನೊಂದರಲ್ಲಿ ಕೆಳಗಿನಿಂದ. ಮುಗಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ನೀಲಿಯನ್ನು ತೆಗೆದುಬಿಟ್ಟರೆ ಬರೀ ಕಪ್ಪು ಉಳಿಯುತ್ತದೆ. ಮೂಲ ಪೆನ್ಸಿಲ್ ಹಾಳೆ ಹಾಗೇ ಇರುವುದರಿಂದ ಕೆಡುತ್ತದೆಂಬ ಅಂಜಿಕೆಯೂ ಇಲ್ಲ. ಆಗಲೇ ಕೈ ಬಿಚ್ಚಿಕೊಳ್ಳುವುದು.

6. ಗೆರೆಯ ದಪ್ಪಕ್ಕೆ ಕಾರಣ ಇರಲಿ

ಬೆಳಕು ಬೀಳುವ ಕಡೆ ತೆಳು, ನೆರಳಿನ ಕಡೆ ದಪ್ಪ. ಹತ್ತಿರದ್ದು ದಪ್ಪ, ದೂರದ್ದು ತೆಳು. ಒಂದು ವಸ್ತು ಇನ್ನೊಂದರ ಮೇಲೆ ಹಾಯುವಲ್ಲಿ ಮುಂದಿನದರ ಅಂಚು ಸ್ವಲ್ಪ ಊದಬೇಕು. ಹೆರ್ಜೆ ‘ಟಿನ್‌ಟಿನ್’ನಲ್ಲಿ ಇದ್ಯಾವುದನ್ನೂ ಮಾಡಲಿಲ್ಲ, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ. ಆದರೆ ಅಲ್ಲಿ ಪ್ರತಿ ಆಕಾರವೂ ಅಷ್ಟು ಖಚಿತವಾಗಿ ಬಂದಿರುವುದರಿಂದ ಅದು ನಡೆಯಿತು. ಸುಲಭವೆಂದುಕೊಂಡು ಆ ದಾರಿಗೆ ಹೋಗಬೇಡಿ, ಅಲ್ಲಿ ಅಡಗಿಕೊಳ್ಳಲು ನೆರಳೂ ಇಲ್ಲ.

7. ಕಾಗದ ತಿರುಗಿಸಿ

ಕೈ ಸೊಟ್ಟ ಮಾಡಬೇಡಿ. ಉದ್ದ ಗೆರೆ ಭುಜದಿಂದ, ಸಣ್ಣದು ಮಣಿಕಟ್ಟಿನಿಂದ.

8. ಸಾಮಾನು

ಕಾಗದದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸ್ಟೇಷನರಿ ಅಂಗಡಿಯ ಸಾಮಾನ್ಯ ಡ್ರಾಯಿಂಗ್ ಶೀಟ್ ಮೇಲೆ ನಿಬ್ಬು ನಾರು ಕೆದಕಿ, ಇಂಕು ಗೆರೆಯ ಎರಡೂ ಕಡೆ ಒಸರುತ್ತದೆ. ಬ್ರಿಸ್ಟಲ್ ಬೋರ್ಡ್ ಸಿಕ್ಕರೆ ಸರಿ, ಇಲ್ಲವೇ ನುಣುಪಾದ ದಪ್ಪ ಐವರಿ ಶೀಟ್ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಒಳ್ಳೆಯ ಕಾಗದವೂ ತೇವ ಹೀರಿ ಇಂಕನ್ನು ಹರಡಿಸುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ ಇಡಿ. ಬೇಸಿಗೆಯಲ್ಲಿ ತೊಂದರೆ ಬೇರೆ: ಫ್ಯಾನಿನ ಗಾಳಿಗೆ ನಿಬ್ಬಿನ ತುದಿಯಲ್ಲೇ ಇಂಕು ಒಣಗುತ್ತದೆ, ಫ್ಯಾನ್ ಆರಿಸಿದರೆ ಅಂಗೈ ಬೆವರುತ್ತದೆ. ಅಂಗೈ ಕೆಳಗೆ ಇನ್ನೊಂದು ಕಾಗದ ಇಟ್ಟುಕೊಳ್ಳುವುದೇ ದಾರಿ.

ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಅದನ್ನು ಸ್ಪಿರಿಟ್‌ನಲ್ಲೋ ಟೂತ್‌ಪೇಸ್ಟಿನಲ್ಲೋ ಒರೆಸದಿದ್ದರೆ ಇಂಕು ನಿಬ್ಬಿಗೆ ಅಂಟದೆ ಹನಿಯಾಗಿ ಬೀಳುತ್ತದೆ. ಹಂಟ್ 102 ಸಣ್ಣ, ಗಟ್ಟಿ ನಿಬ್ಬು. ಗಿಲಟ್ 290 ಮೆತ್ತಗೆ ಬಾಗುತ್ತದೆ, ಒತ್ತಿದರೆ ದಪ್ಪ, ಬಿಟ್ಟರೆ ತೆಳು. ಮೊದಲ ನಿಬ್ಬಿಗೆ ಜಪಾನಿನ ಜೀಬ್ರಾ ಜಿ ಒಳ್ಳೆಯದು, ಒರಟು ಕೈಯನ್ನೂ ತಾಳಿಕೊಳ್ಳುತ್ತದೆ. ಕ್ಯಾಮೆಲ್‌ನ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕು ಅಭ್ಯಾಸಕ್ಕೆ ಧಾರಾಳವಾಗಿ ಸಾಕು. ಅದನ್ನು ಫೌಂಟನ್ ಪೆನ್ನಿಗೆ ಮಾತ್ರ ತುಂಬಬೇಡಿ, ಒಳಗೇ ಗಟ್ಟಿಯಾಗಿ ಕೂರುತ್ತದೆ.

ಕುಂಚಕ್ಕೆ ಕೊಲಿನ್ಸ್ಕಿ ಸೇಬಲ್ ಹೆಸರುವಾಸಿ, ಬೆಲೆಯೂ ಹಾಗೇ ಇದೆ. ಇಲ್ಲಿ ಒಂದು ಎಚ್ಚರಿಕೆ: ಮುಂಗುಸಿ ಕೂದಲಿನ ಕುಂಚಗಳು ಇನ್ನೂ ಅಲ್ಲಲ್ಲಿ ಕದ್ದು ಮಾರಾಟವಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅಂಗಡಿಯವರು ಯಾವ ಕೂದಲು ಎಂದು ಹೇಳಲು ತಡವರಿಸಿದರೆ ಸಿಂಥೆಟಿಕ್ ತೆಗೆದುಕೊಂಡು ಬನ್ನಿ. ಇಂದಿನ ಸಿಂಥೆಟಿಕ್ ಕುಂಚಗಳ ಮೊನೆ ಚೆನ್ನಾಗಿಯೇ ಇರುತ್ತದೆ, ಬೇಗ ಸವೆಯುತ್ತದೆ ಅಷ್ಟೆ. ಯಾವುದೇ ಕುಂಚವಾಗಲಿ, ಇಂಕು ಲೋಹದ ಹಿಡಿಯೊಳಗೆ ಏರಲು ಬಿಡಬೇಡಿ. ನಡುನಡುವೆ ತಣ್ಣೀರಿನಲ್ಲಿ ತೊಳೆಯುತ್ತಿರಿ.

ಅಳಿಸುವ ವಿಷಯ: ಇಂಕು ಒಣಗಿದಂತೆ ಕಂಡ ಮೇಲೂ ಕಾಯಿರಿ, ಸಾಧ್ಯವಾದರೆ ಮರುದಿನದವರೆಗೆ. ಬೇಗ ರಬ್ಬರ್ ಆಡಿಸಿದರೆ ಕಪ್ಪು ಬೂದಾಗುತ್ತದೆ.

9. ಒಡವೆ ಎಣಿಸಿ ಬರೆಯಬೇಡಿ

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರಕಥೆಯನ್ನು ಮಾದರಿಯಾಗಿಟ್ಟುಕೊಂಡು ಬರೆಯುವವರು ನಮ್ಮಲ್ಲಿ ಬಹಳ. ಕಿರೀಟ, ತೋಳ್ಬಂದಿ, ಸರ, ಸೊಂಟಪಟ್ಟಿ ಎಲ್ಲಕ್ಕೂ ಒಂದೇ ಶ್ರದ್ಧೆ ತೋರಿಸಿ ಮಣಿಮಣಿಗೂ ಇಂಕು ಹಾಕುತ್ತಾರೆ. ಕಣ್ಣು ಮುಖಕ್ಕೆ ಹೋಗುವ ಬದಲು ಸೊಂಟದಲ್ಲಿ ಸಿಕ್ಕಿಕೊಳ್ಳುತ್ತದೆ. ರಾಮ್ ವಾಯಿರ್‌ಕರ್ ಬರೆದ ‘ಕೃಷ್ಣ’ವನ್ನಾಗಲಿ, ಪ್ರತಾಪ್ ಮುಲಿಕ್ ಅವರ ಪುಟಗಳನ್ನಾಗಲಿ ಮತ್ತೆ ತೆಗೆದು, ಈ ಸಲ ಒಡವೆಗಳನ್ನಷ್ಟೇ ನೋಡಿ. ದೂರದ ಆಕೃತಿಯಲ್ಲಿ ಒಡವೆ ಎಷ್ಟು ಕಡಿಮೆ ಗೆರೆಗೆ ಇಳಿಯುತ್ತದೆ ಎಂಬುದನ್ನು ಗಮನಿಸಿ. ಬೆಳಕಿನ ಕಡೆ ನಾಲ್ಕೈದು ಮಣಿ ಬರೆದು ನೆರಳಿನ ಕಡೆ ಬರೀ ಒಂದು ಕಪ್ಪು ಪಟ್ಟಿ ಬಿಟ್ಟರೆ ಓದುವವರು ಮಿಕ್ಕದ್ದನ್ನು ಪೋಣಿಸಿಕೊಳ್ಳುತ್ತಾರೆ. ಪಂಚೆಯ ನೆರಿಗೆಗೂ ಹೀಗೆಯೇ. ಬಟ್ಟೆ ಎಲ್ಲಿ ಬಿಗಿದಿದೆಯೋ, ಗಂಟು, ಮೊಣಕಾಲು, ಆ ಬಿಂದುವಿನಿಂದ ನೆರಿಗೆ ಹೊರಡಬೇಕು. ಎಲ್ಲಿಂದಲೂ ಹೊರಡದ ನೆರಿಗೆ ಬರೀ ಗೀಚು.

10. ದೊಡ್ಡದಾಗಿ ಬರೆದು ಚಿಕ್ಕದಾಗಿ ನೋಡಿ

ಅಮೆರಿಕನ್ ಪುಟಗಳ ಮೂಲ ಹಾಳೆ 11×17 ಇಂಚು, ಒಳಗೆ ಚಿತ್ರದ ಜಾಗ ಸುಮಾರು 10×15. ಅಚ್ಚಾಗುವುದು ಅದರ ಮೂರನೇ ಎರಡರಷ್ಟು. 1967ರ ಸುಮಾರಿಗೆ ಮುಂಚೆ ಇನ್ನೂ ದೊಡ್ಡ ಹಾಳೆ ಬಳಸುತ್ತಿದ್ದರು. ನಮಗೆ ಎ3 ಸಾಕು. ಎ4ಗೆ ಇಳಿಸಿದರೆ ಶೇ. 71ರಷ್ಟಾಗುತ್ತದೆ. ಇಳಿಸಿದಾಗ ಸಣ್ಣ ನಡುಕಗಳು ಮಾಯವಾಗುತ್ತವೆ, ಆದರೆ ನೆರಳಿಗೆಂದು ಒತ್ತೊತ್ತಾಗಿ ಎಳೆದ ಹ್ಯಾಚಿಂಗ್ ಗೆರೆಗಳು ಕೂಡಿಕೊಂಡು ಕಪ್ಪು ಕಲೆಯಾಗುತ್ತವೆ. ಎರಡು ಗೆರೆಗಳ ನಡುವಿನ ಬಿಳಿಯು ಗೆರೆಗಿಂತ ಅಗಲ ಇರಲಿ. ಸ್ಕ್ಯಾನ್ 600 ಡಿಪಿಐಗೆ ಕಡಿಮೆ ಬೇಡ.

ಬೆಂಗಳೂರಿನವರು ಟ್ರಿನಿಟಿ ಸರ್ಕಲ್ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಯಲ್ಲಿ ಮೂಲ ಚಿತ್ರಗಳ ಪ್ರದರ್ಶನ ಇದ್ದಾಗ ಹೋಗಿ ಬನ್ನಿ. ಅಚ್ಚಿನಲ್ಲಿ ಕಾಣದ ಬಿಳಿ ಬಣ್ಣದ ತೇಪೆ, ಅಳಿಸದೆ ಉಳಿದ ಪೆನ್ಸಿಲ್ ಹುಡುಕಬೇಕೆಂದರೆ ಮೂಲವನ್ನೇ ನೋಡಬೇಕು.

11. ಮಾತಿಗೆ ಮೊದಲೇ ಜಾಗ ಕೊಡಿ

ಇಂಗ್ಲಿಷ್ ಪುಸ್ತಕ ನೋಡಿ ಕಲಿತವರಿಗೆ ಕನ್ನಡದ ಮಾತಿನ ಗುಳ್ಳೆಯಲ್ಲಿ ಕಷ್ಟ ಶುರುವಾಗುತ್ತದೆ. ಅವರು ದೊಡ್ಡಕ್ಷರಗಳಲ್ಲೇ ಬರೆಯುವುದರಿಂದ ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ, ಸಾಲುಗಳನ್ನು ಒತ್ತಾಗಿ ಜೋಡಿಸಬಹುದು. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ, ‘ಸ್ತ್ರೀ’ಯಂಥ ಅಕ್ಷರ ಎರಡೂ ಕಡೆ ಜಾಗ ಕೇಳುತ್ತದೆ. ಪದಗಳೂ ಉದ್ದ, ಗುಳ್ಳೆಯ ಅಂಚಿನಲ್ಲಿ ಮುರಿಯಲಾಗದು. ಹಾಗಾಗಿ ಪೆನ್ಸಿಲ್ ಹಂತದಲ್ಲೇ ಮಾತನ್ನು ಕೈಯಲ್ಲಿ ಬರೆದು, ಸುತ್ತ ಗುಳ್ಳೆ ಹಾಕಿ, ಉಳಿದ ಜಾಗದಲ್ಲಿ ಪಾತ್ರವನ್ನು ನಿಲ್ಲಿಸಿ. ‘ಹೋಗುತ್ತಿದ್ದೇನೆ’ ಎನ್ನುವಲ್ಲಿ ‘ಹೊರಟೆ’ ಸಾಕಾದರೆ ಹಾಗೇ ಮಾಡಿ. ಗುಳ್ಳೆಗೂ ಒಳ್ಳೆಯದು, ಸಂಭಾಷಣೆಗೂ ಒಳ್ಳೆಯದು.

12. ನಕಲು ಮಾಡಿ, ಹೆಸರು ಹಾಕಿ

ಗುರುಗಳ ಚಿತ್ರವನ್ನು ಗೆರೆಗೆ ಗೆರೆ ನಕಲು ಮಾಡುವುದರಲ್ಲಿ ನಾಚಿಕೆ ಏನಿಲ್ಲ. ಕೆಳಗೆ ‘ಸೈ ಬ್ಯಾರಿ ಅವರನ್ನು ಅನುಸರಿಸಿ’ ಎಂದು ಬರೆದು ಆಮೇಲೆ ನಿಮ್ಮ ಸಹಿ ಹಾಕಿ. ಗೋಡೆಗೆ ಹಾಕಿಕೊಳ್ಳುವುದು, ಗೆಳೆಯರಿಗೆ ಕೊಡುವುದು ಬೇರೆ. ಕಾಮಿಕ್ಸ್ ಮೇಳದಲ್ಲಿ ಮೇಜು ಹಾಕಿ ಪ್ರಿಂಟ್ ಮಾರುವುದು ಬೇರೆ, ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಮೇಜು ಹಾಕುವ ಆಸೆ ಇದ್ದರೆ ಸ್ವಂತ ಪಾತ್ರವೊಂದನ್ನು ಈಗಲೇ ಶುರುಮಾಡಿ, ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಮೂರು ನಿಲುವು ಬರೆದು ಗೋಡೆಗೆ ಅಂಟಿಸಿ. ಹಿಂದಿನಿಂದ ನೋಡಿದಾಗ ಉಡುಪು ಹೇಗಿದೆ ಎಂಬುದೇ ತೀರ್ಮಾನವಾಗಿಲ್ಲ ಎಂದು ಆಗ ಗೊತ್ತಾಗುತ್ತದೆ.