ತಿಳಿನೀರಿನ ಕಾವಲು

ಕೆರೆಯ ದಡದಲ್ಲಿ ನಿಂತು "ನೀರು ಎಷ್ಟು ತಿಳಿಯಾಗಿದೆ!" ಎಂದು ನಾವು ಹೇಳುವುದುಂಟು. ಕೆಲವು ವರ್ಷಗಳ ತರುವಾಯ ಅದೇ ದಡಕ್ಕೆ ಬಂದವರು "ನೀರು ಮೊದಲಿನಂತೆ ಇಲ್ಲ" ಎನ್ನಬಹುದು. ಆದರೆ ಮೊದಲು ಎಷ್ಟು ತಿಳಿಯಾಗಿತ್ತು? ಈಗ ಎಷ್ಟು ಕಡಿಮೆಯಾಗಿದೆ? ಕಣ್ಣಿನ ನೆನಪು ಈ ಪ್ರಶ್ನೆಗಳಿಗೆ ಉತ್ತರ ಕೊಡಲಾರದು. ವರ್ಷಕ್ಕೆ ಒಂದು ಗೇಣಿನಷ್ಟು ಮಸಕಾಗುತ್ತ ಹೋಗುವ ನೀರು ಇಪ್ಪತ್ತು ವರ್ಷಗಳಲ್ಲಿ ಪೂರ್ತಿಯಾಗಿ ಕೆಟ್ಟರೂ, ದಿನವೂ ಅದನ್ನು ನೋಡುವವನಿಗೆ ಆ ವ್ಯತ್ಯಾಸ ತೋರದೆಯೇ ಹೋದೀತು.

ಇದಕ್ಕೆ ಒಂದು ಸರಳವಾದ ಉಪಾಯವನ್ನು 1865ರಲ್ಲಿ ಇಟಲಿಯ ಖಗೋಲಶಾಸ್ತ್ರಜ್ಞನೂ ಜೆಸುಯಿಟ್ ಪಾದ್ರಿಯೂ ಆಗಿದ್ದ ಆಂಜೆಲೊ ಸೆಕ್ಕಿಯು ತೋರಿಸಿಕೊಟ್ಟನು. ಅವನು ಪೋಪರ ಹಡಗೊಂದರಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ಹೋಗಿ, ಬಿಲ್ಲೆಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸಿ, ಅವು ಕಣ್ಮರೆಯಾಗುವ ಆಳವನ್ನು ಅಳೆದನು. ಬಿಲ್ಲೆ ಕಾಣುವ ಆಳ ಹೆಚ್ಚಿದಷ್ಟೂ ನೀರು ತಿಳಿ. ಇಂದು ಸರೋವರಗಳಲ್ಲಿ ಬಳಸುವ ಸೆಕ್ಕಿ ಬಿಲ್ಲೆಯ ಅಗಲ 20 ಸೆಂಟಿಮೀಟರ್. ಅದರ ಮುಖವನ್ನು ನಾಲ್ಕು ಪಾಲು ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು ಮತ್ತು ಬಿಳಿಯ ಬಣ್ಣ ಬಳಿದಿರುತ್ತಾರೆ.

ಈ ಉಪಕರಣಕ್ಕೆ ಮಸೂರ ಬೇಡ, ವಿದ್ಯುತ್ತು ಬೇಡ, ಹೆಚ್ಚಿನ ಹಣವೂ ಬೇಡ. ಆದುದರಿಂದಲೇ ಅದು ವಿಜ್ಞಾನಿಗಳ ಕೈಯಿಂದ ಜನಸಾಮಾನ್ಯರ ಕೈಗೂ ಬಂದಿತು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಭಾಗದಲ್ಲಿ, ಸರೋವರಗಳ ದಡದಲ್ಲಿ ಬೇಸಗೆಯನ್ನು ಕಳೆಯುವ ಕುಟುಂಬಗಳು ತಮ್ಮದೇ ಸಂಘಗಳನ್ನು ಕಟ್ಟಿಕೊಂಡು ನೀರನ್ನು ಕಾಯುತ್ತಿವೆ. ಈ ಕಾವಲಿನ ಹಿಂದಿರುವ ವಿಜ್ಞಾನವನ್ನೂ, ಅದಕ್ಕೆ ಬೇಕಾದ ಸಾಮಾಜಿಕ ಜೀವನವನ್ನೂ ನೋಡೋಣ.

ಬೇಸಗೆಯ ಒಕ್ಕಲು

ನ್ಯೂ ಹ್ಯಾಂಪ್‌ಷೈರ್ ಎಂಬ ಚಿಕ್ಕ ರಾಜ್ಯದಲ್ಲಿ ಸುನಪೀ ಎಂಬ ಸರೋವರವಿದೆ. ಅದರ ವಿಸ್ತೀರ್ಣ ಸುಮಾರು 16 ಚದರ ಕಿಲೋಮೀಟರ್. ಅತಿ ಹೆಚ್ಚಿನ ಆಳ ಸುಮಾರು 34 ಮೀಟರ್. ಅದರೊಳಕ್ಕೆ ಬಂದ ನೀರು ಹೊರಕ್ಕೆ ಹೋಗಲು ಸರಾಸರಿ ಮೂರು ವರ್ಷಗಳು ಬೇಕು. ಎಂದರೆ, ಈ ಸರೋವರ ತನ್ನೊಳಗೆ ಬಿದ್ದುದನ್ನು ಬೇಗನೆ ತೊಳೆದುಕೊಳ್ಳಲಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಮಾರ್ಗ ಇಲ್ಲಿಗೆ ಬಂದ ಮೇಲೆ, ಪಟ್ಟಣಗಳ ಸೆಕೆಯಿಂದ ತಪ್ಪಿಸಿಕೊಳ್ಳಲು ಜನರು ಬರತೊಡಗಿದರು. ಉಗಿದೋಣಿಗಳು ಅವರನ್ನು ದಡದ ಹೋಟೆಲುಗಳಿಗೆ ಒಯ್ಯುತ್ತಿದ್ದವು. ಕ್ರಮೇಣ ಬೇಸಗೆಯ ಮನೆಗಳೂ ಎದ್ದವು. 1898ರಲ್ಲಿ ಸುನಪೀ ಸರೋವರ ರಕ್ಷಣಾ ಸಂಘ ಸ್ಥಾಪನೆಯಾಯಿತು. ಇಂಥದೇ ಸಂಘ ನ್ಯೂಯಾರ್ಕ್ ರಾಜ್ಯದ ಜಾರ್ಜ್ ಸರೋವರದಲ್ಲಿ 1885ರಲ್ಲಿಯೂ, ನ್ಯೂ ಹ್ಯಾಂಪ್‌ಷೈರಿನ ಸ್ಕ್ವಾಮ್ ಸರೋವರದಲ್ಲಿ 1904ರಲ್ಲಿಯೂ ಹುಟ್ಟಿತು. ಮೂರೂ ಇಂದಿಗೂ ಜೀವಂತವಾಗಿವೆ.

ಇಂಥ ಸಂಘದ ಸದಸ್ಯರು ವರ್ಷದಲ್ಲಿ ಹತ್ತು ಹನ್ನೆರಡು ವಾರ ಮಾತ್ರ ನೆರೆಹೊರೆಯವರು. ಮಕ್ಕಳು ಒಂದೇ ನೀರಿನಲ್ಲಿ ಈಜು ಕಲಿಯುತ್ತಾರೆ, ದೊಡ್ಡವರು ದೋಣಿ ಪಂದ್ಯ ನಡೆಸುತ್ತಾರೆ, ವರ್ಷಕ್ಕೊಮ್ಮೆ ಸಭೆ ಸೇರಿ ಲೆಕ್ಕಪತ್ರ ಒಪ್ಪಿಸುತ್ತಾರೆ. ಆಮೇಲೆ ಮನೆಗಳಿಗೆ ಬೀಗ ಬೀಳುತ್ತದೆ, ಸರೋವರ ಹೆಪ್ಪುಗಟ್ಟುತ್ತದೆ. ವಸಂತದಲ್ಲಿ ಮಂಜುಗಡ್ಡೆ ಕರಗಿ ನೀರು ತೆರೆದುಕೊಳ್ಳುವ ದಿನವನ್ನು ಸುನಪೀಯಲ್ಲಿ 1869ರಿಂದಲೂ ಬರೆದಿಟ್ಟಿದ್ದಾರೆ. ಸಂಘಕ್ಕಿಂತಲೂ ಹಳೆಯದಾದ ಈ ಪಟ್ಟಿ, ವಾಯುಗುಣ ಬೆಚ್ಚಗಾಗುತ್ತಿರುವುದನ್ನು ತಿಳಿಯಲು ಇಂದು ವಿಜ್ಞಾನಿಗಳಿಗೆ ನೆರವಾಗಿದೆ.

ಈ ಸಂಘಗಳಿಗೆ ಸರ್ಕಾರದ ಅಧಿಕಾರವಿಲ್ಲವೆಂಬುದನ್ನು ಮರೆಯಬಾರದು. ನ್ಯೂ ಹ್ಯಾಂಪ್‌ಷೈರಿನ ಕಾನೂನಿನಂತೆ, 10 ಎಕರೆಗಿಂತ ದೊಡ್ಡದಾದ ಸಹಜ ಸರೋವರ ಸಾರ್ವಜನಿಕರ ಸೊತ್ತು. ಅದನ್ನು ಅವರ ಪರವಾಗಿ ರಾಜ್ಯವು ಕಾಯ್ದಿಟ್ಟುಕೊಂಡಿರುತ್ತದೆ. ದಡದ ಮನೆಯವನಿಗೆ ದಡ ತನ್ನದು, ನೀರು ತನ್ನದಲ್ಲ. ಇನ್ನೊಂದು ತೊಡಕೂ ಉಂಟು. ಆ ನಾಡಿನ ಊರುಗಳ ಆಡಳಿತವನ್ನು ನಿರ್ಣಯಿಸುವ ಊರಸಭೆ ಸಾಂಪ್ರದಾಯಿಕವಾಗಿ ಸೇರುವುದು ಮಾರ್ಚ್ ತಿಂಗಳಲ್ಲಿ. ಬೇಸಗೆಯ ಒಕ್ಕಲು ಆಗ ಊರಿನಲ್ಲಿರುವುದಿಲ್ಲ. ಅವರ ಮತ ಇರುವುದೂ ಬೇರೆ ಊರಿನಲ್ಲಿ. ಸುನಪೀಯ ದಡವಂತೂ ಮೂರು ಊರುಗಳಿಗೆ ಹಂಚಿಹೋಗಿದೆ. ಆದುದರಿಂದ ಸಂಘಕ್ಕೆ ಆಜ್ಞೆ ಮಾಡುವ ಶಕ್ತಿಯಿಲ್ಲ. ಅದು ಮನವೊಲಿಸಬೇಕು, ಮನವೊಲಿಸಲು ಪುರಾವೆ ಬೇಕು.

ನೀರಿನೊಳಗಿನ ಅಂತಸ್ತುಗಳು

ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ. ಶೀತದೇಶದ ಆಳವಾದ ಸರೋವರದ ಬಾಳೆಲ್ಲ ಈ ಒಂದು ಗುಣದ ಮೇಲೆ ನಿಂತಿದೆ ಎನ್ನಬಹುದು. ಬೇಸಗೆಯಲ್ಲಿ ಮೇಲಿನ ನೀರು ಕಾಯ್ದು ಹಗುರವಾಗಿ ತೇಲುತ್ತದೆ. ತಣ್ಣನೆಯ ನೀರು ಕೆಳಗೆ ಉಳಿಯುತ್ತದೆ. ನಡುವೆ ಉಷ್ಣತೆ ಥಟ್ಟನೆ ಇಳಿಯುವ ತೆಳುವಾದ ಪದರವೊಂದಿದ್ದು, ಮೇಲಿನ ನೀರೂ ಕೆಳಗಿನ ನೀರೂ ಬೆರೆಯದಂತೆ ತಡೆಯುತ್ತದೆ. ಗಾಳಿಯಿಂದ ಬರುವ ಆಮ್ಲಜನಕ ಬೇಸಗೆಯುದ್ದಕ್ಕೂ ತಳವನ್ನು ಮುಟ್ಟುವುದಿಲ್ಲ. ಶರತ್ಕಾಲದಲ್ಲಿ ಮೇಲಿನ ನೀರು ತಣಿದು ಭಾರವಾದಾಗ ಇಡೀ ಸರೋವರ ಮಗುಚಿ ಬೆರೆತುಕೊಳ್ಳುತ್ತದೆ. ಆಗಲೇ ತಳಕ್ಕೆ ಹೊಸ ಉಸಿರು.

ಮೇಲಿನ ಪದರದಲ್ಲಿ ಪಾಚಿ ಹೆಚ್ಚಾಗಿ ಬೆಳೆಯಿತೆನ್ನಿ. ಅದು ಸತ್ತು ತಳಕ್ಕೆ ಇಳಿಯುತ್ತದೆ. ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ತಳದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ತಣ್ಣೀರನ್ನು ಬಯಸುವ ಟ್ರೌಟ್ ಮೀನುಗಳಿಗೆ ಮೇಲೆ ಸೆಕೆ, ಕೆಳಗೆ ಉಸಿರುಗಟ್ಟು. ಅಷ್ಟಕ್ಕೇ ಮುಗಿಯುವುದಿಲ್ಲ. ಆಮ್ಲಜನಕ ಇರುವವರೆಗೆ ತಳದ ಹೂಳಿನಲ್ಲಿರುವ ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಮ್ಲಜನಕ ಮುಗಿದೊಡನೆ ಆ ಹಿಡಿತ ಸಡಿಲಿ ರಂಜಕ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಅದು ಇನ್ನಷ್ಟು ಪಾಚಿಗೆ ಆಹಾರ. ಹಳೆಯ ಸಾಲ ಬಡ್ಡಿಯೊಡನೆ ಮರಳಿ ಬರುವ ಬಗೆ ಇದು. ಈ ಹಂತವನ್ನು ಮುಟ್ಟಿದ ಸರೋವರವನ್ನು ಸರಿಪಡಿಸುವುದು ಬಹಳ ಕಷ್ಟ. ಮುಟ್ಟದಂತೆ ಕಾಯುವುದೇ ಜಾಣತನ.

ಒಂದು ಗ್ರಾಂ ರಂಜಕ

ಪಾಚಿಯ ಬೆಳವಣಿಗೆಗೆ ಇಂಗಾಲ, ಸಾರಜನಕ, ರಂಜಕ ಎಲ್ಲವೂ ಬೇಕು. ಇವುಗಳಲ್ಲಿ ಲಗಾಮು ಯಾವುದರ ಕೈಯಲ್ಲಿದೆ? 1973ರಲ್ಲಿ ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ ಒಂದು ಪ್ರಯೋಗವನ್ನು ಆರಂಭಿಸಿದರು. ನಡುವಿನಲ್ಲಿ ಕಿರಿದಾದ, 226 ಎಂಬ ಸಂಖ್ಯೆಯ ಪುಟ್ಟ ಸರೋವರವನ್ನು ಒಂದು ಪರದೆಯಿಂದ ಎರಡಾಗಿ ವಿಭಾಗಿಸಿದರು. ಎರಡೂ ಭಾಗಗಳಿಗೆ ಇಂಗಾಲವನ್ನೂ ಸಾರಜನಕವನ್ನೂ ಹಾಕಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರು ಹಸಿರಾಯಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಛಾಯಾಚಿತ್ರ ಜಗತ್ಪ್ರಸಿದ್ಧವಾಗಿದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಲೀಟರ್ ನೀರಿನಲ್ಲಿ ಒಟ್ಟು ರಂಜಕ 10 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಆ ಸರೋವರವನ್ನು ಸಾಮಾನ್ಯವಾಗಿ ತಿಳಿನೀರಿನದೆಂದು ಎಣಿಸುತ್ತಾರೆ. ಒಂದು ಲಕ್ಷ ಲೀಟರ್ ನೀರನ್ನು ಈ ಮಟ್ಟಕ್ಕೆ ಏರಿಸಲು ಒಂದೇ ಒಂದು ಗ್ರಾಂ ರಂಜಕ ಸಾಕು. ಮನುಷ್ಯನೊಬ್ಬನ ಮಲಮೂತ್ರಗಳಲ್ಲಿ ದಿನಕ್ಕೆ ಹೊರಬೀಳುವ ರಂಜಕವೂ ಸರಿಸುಮಾರು ಒಂದು ಗ್ರಾಂ, ಇಲ್ಲವೆ ತುಸು ಹೆಚ್ಚು. ನಾಲ್ವರ ಕುಟುಂಬವೊಂದು 60 ದಿನ ದಡದಲ್ಲಿ ಇದ್ದರೆ 240 ಗ್ರಾಂ ಆಯಿತು. ಅದು 2 ಕೋಟಿ 40 ಲಕ್ಷ ಲೀಟರಿಗೆ ಸಾಕಾಗುವ ರಂಜಕ. ಎಲ್ಲವೂ ನೀರಿಗೆ ಸೇರುವುದಿಲ್ಲ, ನಿಜ. ಮನೆಯ ಸೆಪ್ಟಿಕ್ ಟ್ಯಾಂಕಿನಿಂದ ಹೊರಬಂದ ನೀರು ಮಣ್ಣಿನಲ್ಲಿ ಇಂಗುವಾಗ ಮಣ್ಣು ರಂಜಕದ ಹೆಚ್ಚಿನ ಪಾಲನ್ನು ಹಿಡಿದುಕೊಳ್ಳುತ್ತದೆ. ಆದರೆ ಟ್ಯಾಂಕು ಹಳೆಯದಾದರೆ, ದಡಕ್ಕೆ ತೀರ ಹತ್ತಿರವಿದ್ದರೆ, ಅಥವಾ ಮಣ್ಣಿನ ಹಿಡಿಯುವ ಶಕ್ತಿ ಮುಗಿದರೆ, ಅದು ಸೋರಿಹೋಗುತ್ತದೆ. ಹುಲ್ಲುಹಾಸಿನ ಗೊಬ್ಬರ, ಮರ ಕಡಿದ ಇಳಿಜಾರಿನಿಂದ ಕೊಚ್ಚಿಬರುವ ಮಣ್ಣು, ಕಚ್ಚಾ ರಸ್ತೆಯ ಕೆಸರು, ಇವೆಲ್ಲವೂ ರಂಜಕವನ್ನು ಹೊತ್ತು ತರುತ್ತವೆ.

ಆದರೆ ಸುನಪೀಯಂಥ ಸರೋವರದಲ್ಲಿರುವ ನೀರು ಈ 2 ಕೋಟಿ 40 ಲಕ್ಷ ಲೀಟರಿಗಿಂತ ಸಾವಿರಾರು ಪಾಲು ಹೆಚ್ಚು. ಹೀಗಾಗಿ ಒಂದು ಮನೆಯ ಯಜಮಾನನು "ನನ್ನ ಮನೆಯೊಂದರಿಂದ ಏನಾದೀತು?" ಎಂದು ಕೇಳಿದರೆ, ಅವನ ಲೆಕ್ಕ ತಪ್ಪೇನೂ ಅಲ್ಲ. ತೊಡಕಿರುವುದು ಅಲ್ಲಿಯೇ! ಪ್ರತಿಯೊಬ್ಬನ ಲೆಕ್ಕವೂ ಸರಿ; ಎಲ್ಲರ ಲೆಕ್ಕ ಕೂಡಿದಾಗ ನೀರು ಹಸಿರು. ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆ ಒಳಿತಿಗೆ ಹೇಗೋ ಕೆಡುಕಿಗೂ ಹಾಗೆಯೇ ಒಪ್ಪುತ್ತದೆ. ಒಂಟಿ ಕಣ್ಣಿಗೆ ಕಾಣದ ಈ ಮೊತ್ತವನ್ನು ಕಾಣಿಸುವುದೇ ಸಂಘದ ಮೊದಲ ಕೆಲಸ.

ಅಳತೆ ಮತ್ತು ನಿಯಮ

ನ್ಯೂ ಹ್ಯಾಂಪ್‌ಷೈರ್ ಸರ್ಕಾರವು 1985ರಲ್ಲಿ ಸ್ವಯಂಸೇವಕರಿಂದ ಸರೋವರಗಳನ್ನು ಪರೀಕ್ಷಿಸುವ ಕಾರ್ಯಕ್ರಮವನ್ನು ಪ್ರಾರಂಭಿಸಿತು. ದಡದ ನಿವಾಸಿಗಳು ಗೊತ್ತಾದ ಸ್ಥಳಗಳಿಗೆ ದೋಣಿಯಲ್ಲಿ ಹೋಗಿ ಬಿಲ್ಲೆಯನ್ನು ಇಳಿಸುತ್ತಾರೆ. ರಂಜಕದ ಪರೀಕ್ಷೆಗಾಗಿ ನೀರಿನ ಮಾದರಿಗಳನ್ನು ತುಂಬಿ ಪ್ರಯೋಗಶಾಲೆಗೆ ಕೊಡುತ್ತಾರೆ. ಒಂದು ದಿನದ ಅಳತೆಯಿಂದ ಏನೂ ತಿಳಿಯದು. ಮಳೆ, ಗಾಳಿಗಳಿಂದಲೂ ಅದು ಏರುಪೇರಾಗುತ್ತದೆ. ಅದೇ ಸ್ಥಳದಲ್ಲಿ, ಅದೇ ರೀತಿಯಲ್ಲಿ, ವರ್ಷವರ್ಷವೂ ಅಳೆದಾಗ ಮಾತ್ರ ಸರೋವರ ಯಾವ ಕಡೆಗೆ ಸಾಗುತ್ತಿದೆಯೆಂಬುದು ಗೊತ್ತಾಗುತ್ತದೆ. ವಿಜ್ಞಾನಿ ಒಂದು ಸರೋವರಕ್ಕೆ ವರ್ಷಕ್ಕೆ ಒಂದೆರಡು ಸಲ ಬಂದಾನು. ಅಲ್ಲಿಯೇ ಬೇಸಗೆ ಕಳೆಯುವವರು ಮತ್ತೆ ಮತ್ತೆ ಅಳೆಯಬಲ್ಲರು.

ಅಳತೆಯಿಂದ ನಿಯಮಗಳಿಗೆ ಬಲ ಬರುತ್ತದೆ. ಆ ರಾಜ್ಯದಲ್ಲಿ ದಡದಿಂದ 250 ಅಡಿಯವರೆಗಿನ ನೆಲದ ಬಳಕೆಗೆ ಕಾನೂನಿನ ಕಟ್ಟುಪಾಡುಗಳಿವೆ. ನೀರಿನ ಅಂಚಿನಿಂದ 25 ಅಡಿಯೊಳಗೆ ಸುಣ್ಣವನ್ನುಳಿದು ಯಾವ ಗೊಬ್ಬರವನ್ನೂ ಹಾಕಕೂಡದು. ಮರಗಿಡಗಳನ್ನು ದಡದಲ್ಲಿ ಉಳಿಸಿಕೊಳ್ಳುವುದೂ ಇದರಲ್ಲಿ ಸೇರಿದೆ. ಅವುಗಳ ಬೇರುಗಳು ಮಣ್ಣನ್ನೂ ರಂಜಕವನ್ನೂ ತಡೆಯುತ್ತವೆ. 2002ರಿಂದ ದೋಣಿಗಳನ್ನು ನೀರಿಗಿಳಿಸುವ ಸ್ಥಳಗಳಲ್ಲಿ ಕಾವಲುಗಾರರು ನಿಂತು, ದೋಣಿಗೆ ಅಂಟಿಕೊಂಡ ಜಲಸಸ್ಯಗಳನ್ನು ತೆಗೆಯಿಸುವ ಏರ್ಪಾಡೂ ನಡೆದಿದೆ. ಮಿಲ್ಫಾಯಿಲ್ ಎಂಬ ಹೊರಗಿನ ಕಳೆಗಿಡದ ಒಂದು ತುಂಡು ಬಿದ್ದರೂ ಸಾಕು, ಅದು ಬೇರುಬಿಟ್ಟು ಹರಡುತ್ತದೆ.

ಅನಿರೀಕ್ಷಿತ ಅತಿಥಿ

ಇಷ್ಟೆಲ್ಲ ಕಾವಲಿದ್ದರೂ ಸರೋವರ ಬೆರಗುಗೊಳಿಸುವುದುಂಟು. ತಿಳಿನೀರಿನ ಸುನಪೀಯಲ್ಲಿ ಗ್ಲಿಯೋಟ್ರೈಕಿಯ ಎಂಬ ನೀಲಿಹಸಿರು ಪಾಚಿ ಬೇಸಗೆಯ ಕೊನೆಯಲ್ಲಿ ಕಾಣಿಸಿಕೊಳ್ಳತೊಡಗಿತು. ಗುಂಡುಸೂಜಿಯ ತಲೆಯಷ್ಟು ದೊಡ್ಡದಾದ ಅದರ ಉಂಡೆಗಳು ಬರಿಗಣ್ಣಿಗೇ ತೋರುತ್ತವೆ. ರಂಜಕ ಕಡಿಮೆಯಿರುವ ನೀರಿನಲ್ಲಿ ಇದು ಹೇಗೆ ಬೆಳೆಯಿತು? ಇದರ ಸುಪ್ತಕೋಶಗಳು ದಡದ ಬಳಿಯ ಹೂಳಿನಲ್ಲಿ ಮಲಗಿದ್ದು, ಮೊಳೆತು, ಅಲ್ಲಿಯೇ ರಂಜಕವನ್ನು ಹೀರಿ ಕೂಡಿಟ್ಟುಕೊಂಡು, ಆಮೇಲೆ ಮೇಲಕ್ಕೆ ತೇಲಿಬರುತ್ತವೆ. ಎಂದರೆ, ತಳದ ರಂಜಕವನ್ನು ಮೇಲಕ್ಕೆತ್ತುವ ಏತವೇ ಇದು! ಈ ವಿಷಯದ ಸಂಶೋಧನೆಯಲ್ಲಿ ವಿಶ್ವವಿದ್ಯಾಲಯಗಳ ವಿಜ್ಞಾನಿಗಳೊಡನೆ ಸಂಘವೂ ಕೈಗೂಡಿಸಿತು. ನೀರಿನ ಉಷ್ಣತೆ, ಆಮ್ಲಜನಕಗಳನ್ನು ತಾನಾಗಿಯೇ ಅಳೆಯುವ ತೇಲುಯಂತ್ರವೊಂದನ್ನೂ ಅದು ಸರೋವರದಲ್ಲಿ ನೆಲೆಗೊಳಿಸಿದೆ.

ಎಲ್ಲರ ಸೊತ್ತು

ಎಲ್ಲರಿಗೂ ಸೇರಿದ ಸೊತ್ತು ಕೊನೆಗೆ ಹಾಳಾಗಿಯೇ ತೀರುವುದೆಂದು ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ 1968ರಲ್ಲಿ ವಾದಿಸಿದನು. ಎಲಿನರ್ ಆಸ್ಟ್ರಾಮ್ ಅವರು ಇದನ್ನು ಒಪ್ಪಲಿಲ್ಲ. ಮೀನುಗಾರರು, ನೀರಾವರಿಯ ರೈತರು, ಬೆಟ್ಟದ ಹುಲ್ಲುಗಾವಲಿನ ಒಡೆಯರು ಎಷ್ಟೋ ಕಡೆ ನೂರಾರು ವರ್ಷ ತಮ್ಮ ಸೊತ್ತನ್ನು ಕಾಪಾಡಿಕೊಂಡಿದ್ದಾರೆಂಬುದನ್ನು ಅವರು 1990ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಬಳಸುವವರೇ ನಿಯಮ ಮಾಡುವುದು, ಅವರೇ ಕಾವಲಿರುವುದು, ತಪ್ಪಿಗೆ ತಕ್ಕಷ್ಟು ದಂಡ ವಿಧಿಸುವುದು, ಇವೇ ಅಂಥ ಸಂಸ್ಥೆಗಳ ಲಕ್ಷಣ. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರೊಡನೆ ಆಸ್ಟ್ರಾಮ್ ಅವರು ಬೆಂಗಳೂರಿನ ಕೆರೆಗಳನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸಿದರು. ಆ ಪ್ರಬಂಧ 2014ರಲ್ಲಿ ಪ್ರಕಟವಾಯಿತು.

ನಮ್ಮ ಹಳ್ಳಿಗಳಲ್ಲಿ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಯೂ ಇಂಥ ವ್ಯವಸ್ಥೆಯ ಅಂಗವೇ. ಆದರೆ ಸುನಪೀಯ ಮಾದರಿಯನ್ನು ಹಾಗೆಯೇ ಇಲ್ಲಿಗೆ ತರಲಾಗದು. ಅಲ್ಲಿಯವರು ವಿಹಾರಕ್ಕೆ ಬಂದ ಅನುಕೂಲಸ್ಥರು. ನಮ್ಮ ಕೆರೆಯ ಸುತ್ತ ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದನ ಮೇಯಿಸುವವರು ಇದ್ದಾರೆ. ಅವರನ್ನು ಹೊರಗಿಟ್ಟು ಕಟ್ಟಿದ ಕಾವಲು ಬೇಲಿಯಾದೀತೇ ಹೊರತು ಸಂಘವಾಗದು. ಈ ಮಾತು ಸುನಪೀಗೂ ಅನ್ವಯಿಸುತ್ತದೆ. ಅಲ್ಲಿಯೂ ನೀರು ಸಾರ್ವಜನಿಕರದು.

ನೀವೇ ಅಳೆದು ನೋಡಿ

ಈ ಬಿಲ್ಲೆಯನ್ನು ವಿದ್ಯಾರ್ಥಿಗಳೇ ತಯಾರಿಸಬಹುದು. 20 ಸೆಂಟಿಮೀಟರ್ ಅಗಲದ ದುಂಡನೆಯ ತಗಡಿಗೆ ಮೇಲೆ ಹೇಳಿದಂತೆ ಬಣ್ಣ ಬಳಿಯಿರಿ. ನಡುವಿನಲ್ಲಿ ತೂತು ಮಾಡಿ, ಹಿಗ್ಗದ ಹಗ್ಗವನ್ನು ಕಟ್ಟಿ, ಅಡಿಯಲ್ಲಿ ಭಾರ ತೂಗುಬಿಡಿ. ಹಗ್ಗಕ್ಕೆ 10 ಸೆಂಟಿಮೀಟರಿಗೊಂದು ಗುರುತು ಹಾಕಿ. ಬಿಸಿಲಿನ ದಿನ, ಬೆಳಗಿನ 10ರಿಂದ ಮಧ್ಯಾಹ್ನ 3 ಗಂಟೆಯೊಳಗೆ, ಅಧ್ಯಾಪಕರ ಸಂಗಡ ಮಾತ್ರ ಹೋಗಿ, ದೋಣಿಯ ಅಥವಾ ಸೇತುವೆಯ ನೆರಳಿನ ಕಡೆಯಿಂದ ಬಿಲ್ಲೆಯನ್ನು ಇಳಿಸಿ. ಅದು ಕಣ್ಮರೆಯಾದ ಆಳವನ್ನೂ, ಮೇಲೆತ್ತುವಾಗ ಮತ್ತೆ ಕಾಣಿಸಿದ ಆಳವನ್ನೂ ಬರೆದುಕೊಳ್ಳಿ. ಇವೆರಡರ ಸರಾಸರಿಯೇ ನಿಮ್ಮ ಕೆರೆಯ ತಿಳಿ. ಮಳೆಗಾಲದ ಮಣ್ಣೂ ಈ ಅಳತೆಯನ್ನು ತಗ್ಗಿಸುವುದರಿಂದ, ಆ ದಿನದ ಮಳೆ, ಗಾಳಿ, ನೀರಿನ ಬಣ್ಣಗಳನ್ನೂ ಬರೆದಿಡಬೇಕು.

ತಿಂಗಳಿಗೊಮ್ಮೆ ಅಳೆಯಿರಿ. ನೀವು ಶಾಲೆ ಬಿಡುವಾಗ ಬಿಲ್ಲೆಯನ್ನೂ ಪುಸ್ತಕವನ್ನೂ ಕೆಳಗಿನ ತರಗತಿಯವರಿಗೆ ಒಪ್ಪಿಸಿ. ಹತ್ತು ವರ್ಷ ಎಡೆಬಿಡದೆ ತುಂಬಿದ ಆ ಪುಸ್ತಕವನ್ನು ಹಿಡಿದು ಪಂಚಾಯತಿಯ ಮುಂದೆ ನಿಂತವರಿಗೆ, ನೀರು ಮೊದಲಿನಂತೆ ಇಲ್ಲವೆಂದು ವಾದಿಸುವ ಅಗತ್ಯ ಬೀಳದು. ಪುಟ ತೆರೆದು ತೋರಿಸಿದರೆ ಸಾಕು.