ಬಾಡಿಗೆ ಬಾಕಿಯ ಡಿಕ್ರಿಗೆ ನವೀಕರಣ ಬೇಕೇ?

ಪ್ರಶ್ನೆ: ದಾವಣಗೆರೆಯ ನಮ್ಮ ಮನೆಯಲ್ಲಿದ್ದವರು ಬಾಡಿಗೆ ಬಾಕಿ ಉಳಿಸಿ ಹೋದರು. 2016ರ ಮಾರ್ಚಿನಲ್ಲಿ ಕೋರ್ಟು ನಮ್ಮ ಪರ ಡಿಕ್ರಿ ಕೊಟ್ಟಿತು. ಅವರೀಗ ಹುಬ್ಬಳ್ಳಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾರೆ. ಮೂರು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಡಿಕ್ರಿ ಬಿದ್ದುಹೋಗುತ್ತದೆ ಎಂದು ನೆಂಟರೊಬ್ಬರು ಹೇಳುತ್ತಾರೆ. ನಿಜವೇ? ಹಣ ವಸೂಲಿ ಹೇಗೆ?

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು. ಡಿಕ್ರಿ ಕೈಗೆ ಬಂದ ಮೇಲೆ ಹಣ ತಾನಾಗಿ ಬರುತ್ತದೆಂದು ಕಡತ ಕಟ್ಟಿಟ್ಟು ಕೂರುವವರೇ ಹೆಚ್ಚು.

ಮೊದಲು ಅವಧಿಯ ಮಾತು. ನಮ್ಮಲ್ಲಿ ಡಿಕ್ರಿಗೆ ನವೀಕರಣವೆಂಬುದಿಲ್ಲ. 1963ರ ಕಾಲಪರಿಮಿತಿ ಕಾಯ್ದೆಯ 136ನೇ ವಿಧಿಯಂತೆ ಜಾರಿಗೆ 12 ವರ್ಷದ ಅವಕಾಶವಿದೆ. ನಿಮ್ಮ ಪ್ರಕರಣದಲ್ಲಿ ಮೇಲ್ಮನವಿ ನಡೆದಿಲ್ಲವಾದರೆ ಅದು 2028ರ ಮಾರ್ಚಿಗೆ ಮುಗಿಯುತ್ತದೆ. ಅಷ್ಟರೊಳಗೆ ಅಮಲ್ಜಾರಿ ಅರ್ಜಿ ಸಲ್ಲಿಸಿರಬೇಕು, ಹಣ ಆಮೇಲೆ ಬಂದರೂ ಅಡ್ಡಿಯಿಲ್ಲ.

ನಿಮ್ಮ ನೆಂಟರು ಸುಮ್ಮನೆ ಹೇಳಿದ್ದಲ್ಲ. 1908ರ ಹಳೆಯ ಕಾಯ್ದೆಯಲ್ಲಿ ವಾಯಿದೆ ಮೂರೇ ವರ್ಷ. ಅದರೊಳಗೆ ಕ್ರಮಬದ್ಧವಾಗಿ ಅರ್ಜಿ ಹಾಕಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತಿತ್ತು. ಹಾಗಾಗಿ ಡಿಕ್ರಿ ಉಳಿಸಿಕೊಳ್ಳಲೆಂದೇ ಅರ್ಜಿ ಹಾಕುವ ರೂಢಿಯಿತ್ತು. ಕಾಯ್ದೆ ಹೋದರೂ ಮಾತು ಮನೆಗಳಲ್ಲಿ ಉಳಿದಿದೆ. ಈಗಿನ ನಿಯಮ ಇಷ್ಟೇ: ಡಿಕ್ರಿಯಾಗಿ ಎರಡು ವರ್ಷ ಕಳೆದ ಮೇಲೆ ಅರ್ಜಿ ಹಾಕಿದರೆ, ಕೋರ್ಟು ಸಾಮಾನ್ಯವಾಗಿ ಮೊದಲು ಎದುರುದಾರರಿಗೆ ನೋಟಿಸು ಕಳಿಸುತ್ತದೆ.

ಇನ್ನು ವಸೂಲಿ. ಡಿಕ್ರಿಯ ಪ್ರಮಾಣಿತ ನಕಲು ಪಡೆದು, ವಕೀಲರ ಮೂಲಕ ದಾವಣಗೆರೆ ಕೋರ್ಟಿನಲ್ಲೇ ಅರ್ಜಿ ಹಾಕಿ. ಸರ್ಕಾರಿ ಸಂಬಳವಾದ್ದರಿಂದ ಬಟವಾಡೆ ಅಧಿಕಾರಿ ಹುಬ್ಬಳ್ಳಿಯಲ್ಲಿದ್ದರೂ ಇಲ್ಲಿಂದಲೇ ಜಪ್ತಿ ಆದೇಶ ಹೋಗಬಹುದು. ಅಲ್ಲಿರುವ ನಿವೇಶನವನ್ನೋ ವಾಹನವನ್ನೋ ಜಪ್ತಿ ಮಾಡಿಸುವುದಾದರೆ ಮಾತ್ರ ಡಿಕ್ರಿಯನ್ನು ಹುಬ್ಬಳ್ಳಿ ಕೋರ್ಟಿಗೆ ವರ್ಗಾಯಿಸಿಕೊಳ್ಳಬೇಕು. ಆಸ್ತಿ ಏನಿದೆಯೆಂದು ನಿಮಗೆ ತಿಳಿಯದಿದ್ದರೆ, ಅದರ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡುವಂತೆ ಅವರಿಗೇ ಆದೇಶಿಸಲು ಕೋರ್ಟನ್ನು ಕೇಳಬಹುದು.

ಸಂಬಳ ಪೂರ್ತಿ ಸಿಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಮೊದಲ 1,000 ರೂಪಾಯಿಯನ್ನೂ ಉಳಿದುದರ ಮೂರನೇ ಎರಡು ಪಾಲನ್ನೂ ಮುಟ್ಟುವಂತಿಲ್ಲ. ವಿನಾಯಿತಿಯಿರುವ ಭತ್ಯೆಗಳನ್ನು ಬಿಟ್ಟು ಸಂಬಳ 31,000 ರೂಪಾಯಿ ಇದೆಯೆನ್ನಿ. ಸಾವಿರ ಕಳೆದರೆ 30,000. ಅದರಲ್ಲಿ ಜಪ್ತಿಗೆ ಸಿಗುವುದು 10,000. ಒಂದೇ ಡಿಕ್ರಿಗೆ ಹೀಗೆ ಒಟ್ಟು 24 ತಿಂಗಳು ಹಿಡಿಯಬಹುದು, ಅಂದರೆ 2,40,000 ರೂಪಾಯಿ. ಬಾಕಿ ಅದಕ್ಕಿಂತ ಹೆಚ್ಚಿದ್ದರೆ ಬೇರೆ ಆಸ್ತಿ ಹುಡುಕಬೇಕು.

‘ಜೈಲಿಗೆ ಹಾಕಿಸಿ’ ಎನ್ನುವವರೂ ಸಿಗುತ್ತಾರೆ. ಶಕ್ತಿಯಿದ್ದೂ ಕೊಡದವರಿಗೆ ಮಾತ್ರ ಆ ಕ್ರಮ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತೆಯೇ ಇಲ್ಲ. ಜೈಲಿಗೆ ಹಾಕಿಸಿದರೂ ಅಲ್ಲಿ ಬಾಕಿದಾರರ ಊಟದ ಖರ್ಚನ್ನು ಮೊದಲು ನೀವೇ ಕಟ್ಟಬೇಕಾಗುತ್ತದೆ. ಸಂಬಳದ ದಾರಿ ಇರುವಾಗ ನಿಮಗೆ ಅದರ ಗೊಡವೆ ಬೇಡ.